ಅಂಗಾಲಿನ ಮಚ್ಚೆಗೂ ಜೀನ್ ಪರೀಕ್ಷೆ ಬೇಕು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಬಂದು ಹನ್ನೆರಡು ವರ್ಷವಾಯಿತು. ಇಲ್ಲಿನವರು ಮಚ್ಚೆಯನ್ನು ನೋಡುವ ಬಗೆಗೂ ನಾವು ನೋಡುವ ಬಗೆಗೂ ಎಷ್ಟು ಅಂತರವಿದೆ ಎಂಬುದು ನನಗೆ ತಿಳಿದದ್ದು ಇಬ್ಬರ ಕಾಯಿಲೆಯಿಂದ. ಒಬ್ಬರು ಬಿಳಿ ಮೈಬಣ್ಣದ ನನ್ನ ಸಹೋದ್ಯೋಗಿ, ಇನ್ನೊಬ್ಬರು ನನ್ನ ಸೋದರತ್ತೆ. ಇಬ್ಬರಿಗೂ ಬಂದದ್ದು ಮೆಲನೋಮ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್.

ಸಹೋದ್ಯೋಗಿಯ ಬೆನ್ನಿನ ಗೆಡ್ಡೆ ಬೇರೆಡೆಗೂ ಹರಡಿದೆ ಎಂದು ಗೊತ್ತಾದ ಕೂಡಲೇ ಜೀವಕೋಶಕ್ಕೆ ಬೆಳೆಯುವ ಆಜ್ಞೆ ಕೊಡುವ ಬಿ-ರಾಫ್ ಎಂಬ ಜೀನಿನ ಪರೀಕ್ಷೆ ನಡೆಯಿತು. ಅತ್ತೆಯ ಅಂಗಾಲಿನ ಕಪ್ಪು ಕಲೆಯನ್ನು ಎಲ್ಲರೂ ಆಣಿ ಎಂದುಕೊಂಡರು. ಹಾಗೆಯೇ ಎರಡು ವರ್ಷ ಕಳೆದವು. ಕೊನೆಗೆ ಬಂದ ವರದಿಯಲ್ಲಿ ಗೆಡ್ಡೆಯ ದಪ್ಪ ಎಷ್ಟು ಮಿಲಿಮೀಟರ್ ಎಂದಿತ್ತು, ಮೇಲ್ಭಾಗ ಹುಣ್ಣಾಗಿದೆ ಎಂದಿತ್ತು. ಜೀನಿನ ಮಾತೇ ಇರಲಿಲ್ಲ.

ದಪ್ಪದ ಲೆಕ್ಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಮೆರಿಕದ ರೋಗವಿಜ್ಞಾನಿ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟ ಆ ಅಳತೆ, ರೋಗ ಮುಂದೆ ಯಾವ ದಾರಿ ಹಿಡಿಯಬಹುದು ಎಂದು ಅಂದಾಜು ಮಾಡಲು ಇಂದಿಗೂ ಆಧಾರ. ಆದರೆ ಯಾವ ಔಷಧ ನಾಟುತ್ತದೆ ಎಂಬುದನ್ನು ದಪ್ಪ ಹೇಳಲಾರದು. ಅದನ್ನು ಹೇಳುವ ಕೆಲಸಕ್ಕೆ ಜೀನು ಬಂತು. ಮೆಲನೋಮಗಳಲ್ಲಿ ಬಿ-ರಾಫ್ ಹೆಚ್ಚಾಗಿ ಕೆಟ್ಟಿರುತ್ತದೆ ಎಂದು 2002ರಲ್ಲಿ ತಿಳಿಯಿತು. ಚರ್ಮದ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಹೀಗಿರುತ್ತದೆ. ಅದರ ಪ್ರೋಟೀನಿನ 600ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಜೀವಕೋಶಕ್ಕೆ ಬೆಳೆಯುವ ಆಜ್ಞೆ ನಿಲ್ಲದೆ ಹೋಗುತ್ತಲೇ ಇರುತ್ತದೆ. ಅದನ್ನು ತಡೆಯುವ ವೆಮುರಾಫೆನಿಬ್ ಎಂಬ ಮಾತ್ರೆ 2011ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಈ ಬದಲಾವಣೆಯೇ ಇಲ್ಲದ ಗೆಡ್ಡೆಗೆ ಅದೇ ಮಾತ್ರೆ ಕೊಟ್ಟರೆ ಬೆಳವಣಿಗೆ ಇನ್ನೂ ಚುರುಕಾಗಬಹುದು. ಹಾಗಾಗಿ ಯಾರಿಗೆ ಆ ಮಾತ್ರೆ ಕೊಡಬಾರದು ಎಂಬುದನ್ನೂ ಇದೇ ಪರೀಕ್ಷೆ ಹೇಳುತ್ತದೆ.

ಬಿ-ರಾಫ್ ಕೆಟ್ಟಿದೆ ಎಂದು ವರದಿ ಬಂದ ಮೇಲೂ ಸಹೋದ್ಯೋಗಿಗೆ ಮೊದಲು ಕೊಟ್ಟದ್ದು ಆ ಮಾತ್ರೆಯನ್ನಲ್ಲ, ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಚಿಕಿತ್ಸೆಯನ್ನು. ನನಗೆ ಆಶ್ಚರ್ಯವಾಯಿತು. ಕಾರಣ 2021ರಲ್ಲಿ ಹೊರಬಂದ ಒಂದು ಪ್ರಯೋಗದ ಫಲಿತಾಂಶ. ಬಿ-ರಾಫ್ ಕೆಟ್ಟವರಲ್ಲೇ ಈ ಚಿಕಿತ್ಸೆಯಿಂದ ಆರಂಭಿಸಿದವರ ಪೈಕಿ ಎರಡು ವರ್ಷದ ನಂತರ ಶೇ 72ರಷ್ಟು ಮಂದಿ ಬದುಕಿದ್ದರು, ಬಿ-ರಾಫ್ ತಡೆಯುವ ಬಗೆಯ ಮಾತ್ರೆಗಳಿಂದ ಆರಂಭಿಸಿದವರಲ್ಲಿ ಶೇ 52ರಷ್ಟು.

ಇಲ್ಲಿಯವರೆಗಿನ ಕಥೆಯೆಲ್ಲ ಮುಖ್ಯವಾಗಿ ಬಿಸಿಲಿಗೆ ಸುಟ್ಟ ಬಿಳಿ ಚರ್ಮದ್ದು. ಅತ್ತೆಯ ಕಾಯಿಲೆಗೆ ಬಿಸಿಲು ಕಾರಣವಲ್ಲ. ಅಂಗೈ, ಅಂಗಾಲು, ಉಗುರಿನ ಅಡಿಯಲ್ಲಿ ಬರುವ ಈ ಬಗೆ ನಮ್ಮಂಥ ಬಣ್ಣದವರಿಗೆ ಬರುವ ಮೆಲನೋಮಗಳಲ್ಲಿ ದೊಡ್ಡ ಪಾಲು. ಬಾಬ್ ಮಾರ್ಲಿ 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದೂ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ ಹುಟ್ಟಿದ ಇಂಥದ್ದೇ ಮೆಲನೋಮದಿಂದ. ಬಿಸಿಲಿನ ಗೆಡ್ಡೆಯ ಡಿಎನ್‌ಎಯಲ್ಲಿ ಅಕ್ಷರದೋಷಗಳು ಹೇರಳ. ಆ ದೋಷಗಳೇ ರೋಗನಿರೋಧಕ ಕೋಶಗಳಿಗೆ ಶತ್ರುವಿನ ಗುರುತಾಗುತ್ತವೆ. ಅಂಗಾಲಿನದರಲ್ಲಿ ಅಂಥ ದೋಷ ಕಡಿಮೆ, ಕ್ರೋಮೋಸೋಮುಗಳೇ ಮುರಿದು ಅದಲುಬದಲಾಗಿರುವುದು ಹೆಚ್ಚು. ಬಿ-ರಾಫ್ ಕೆಟ್ಟಿರುವುದೂ ಅಲ್ಲಿ ಕಡಿಮೆ. ಕೆಲವರಲ್ಲಿ ಕಿಟ್ ಎಂಬ ಜೀನು ಕೆಟ್ಟಿರುತ್ತದೆ, ಅಂಥವರಲ್ಲಿ ಒಂದಷ್ಟು ಮಂದಿಗೆ ಇಮಾಟಿನಿಬ್ ಎಂಬ ಮಾತ್ರೆ ನೆರವಾಗುತ್ತದೆ. ರೋಗನಿರೋಧಕ ಚಿಕಿತ್ಸೆಗೆ ಈ ಗೆಡ್ಡೆಗಳು ಸಾಮಾನ್ಯವಾಗಿ ಅಷ್ಟು ಚೆನ್ನಾಗಿ ಬಗ್ಗುವುದಿಲ್ಲ.

ಹೀಗಿರುವಾಗ ಶೇ 72 ಎಂಬ ಅಂಕಿಯನ್ನು ಅಂಗಾಲಿನ ರೋಗಿಯ ಮುಂದೆ ಹಾಗೆಯೇ ಇಡುವುದು ಅನ್ಯಾಯ. ಮೆಲನೋಮ ಯಾರಿಗೆ ಬರಬಹುದು ಎಂದು ಹೇಳುವ ಜೀನ್ ಪಟ್ಟಿಗಳಿಗೂ ಇದೇ ಕೊರತೆಯಿದೆ, ಅವುಗಳ ಬಹುಪಾಲು ಯುರೋಪ್ ಮೂಲದವರನ್ನು ಪರೀಕ್ಷಿಸಿ ಕಟ್ಟಿದವು. ಇಲ್ಲಿನವರ ಎಚ್ಚರವನ್ನು ನಾವು ಕಲಿಯಲೇಬೇಕು, ಅದರಲ್ಲಿ ಸಂಶಯವಿಲ್ಲ. ಅಂಕಿಗಳು ಮಾತ್ರ ನಮ್ಮ ಗೆಡ್ಡೆಗಳನ್ನು ಪರೀಕ್ಷಿಸಿದ ಮೇಲೆ ಬರಬೇಕಾದವು.

ಅತ್ತೆ ಈಗ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಪ್ರಯೋಗಾಲಯದಲ್ಲಿ ಇಟ್ಟಿದ್ದರು ಎಂದು ಆಮೇಲೆ ಗೊತ್ತಾಯಿತು. ಕಿಟ್ ಪರೀಕ್ಷೆಗೆ ಆ ತುಣುಕೇ ಸಾಕಾಗುತ್ತಿತ್ತು. ನಾವು ಕೇಳಲಿಲ್ಲ.