ಮುಸ್ಸಂಜೆ ಮುಗಿಯದ ಊರು

ವಾಪಸ್ ಬಂದು ನಾಲ್ಕು ದಿನವಾಯಿತು, ಕಣ್ಣುರಿ ಇನ್ನೂ ಇಳಿದಿಲ್ಲ. "ನಾರ್ವೆ ಹೇಗಿತ್ತು?" ಅಂದವರಿಗೆಲ್ಲ "ಬೆಳಕಾಗಿತ್ತು" ಅಂತಷ್ಟೇ ಹೇಳುತ್ತಿದ್ದೇನೆ.

ಓಸ್ಲೋದಲ್ಲಿರುವ ತಂಗಿ "ಬಂದಿದ್ದು ಬಂದಿದ್ದೀರಿ, ಉತ್ತರದ ತುದಿಯನ್ನೂ ನೋಡ್ಕೊಂಡು ಹೋಗಿ" ಅಂತ ಅಮ್ಮನನ್ನೂ ನನ್ನನ್ನೂ ಹ್ಯಾಮರ್‌ಫೆಸ್ಟಿಗೆ ಹೊರಡಿಸಿದಳು. ಅಂಗೈಯಗಲದ ಬಂದರು ಊರು. ಮುಂದೆ ಸಮುದ್ರ, ಬೆನ್ನಿಗೆ ಬೋಳುಗುಡ್ಡ. ನಮ್ಮ ಬೀದಿ ದನಗಳ ಹಾಗೆ ಹಿಮಸಾರಂಗಗಳು ಊರೊಳಗೇ ಅಡ್ಡಾಡುತ್ತವೆ. ಅಮ್ಮ ಒಂದಕ್ಕೆ "ಬಾ, ಬಾ" ಅಂತ ಬಾಳೆಹಣ್ಣಿನ ಸಿಪ್ಪೆ ಹಿಡಿದಳು. ಅದು ಮೂಸಿಯೂ ನೋಡಲಿಲ್ಲ.

ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. 'ಬಿಟ್ಟ ಸ್ಥಳ ತುಂಬಿರಿ'ಯಲ್ಲಿ ನನಗೆ ಒಂದು ಅಂಕ ಕೊಡಿಸಿದ್ದ ಅದೇ ಸೂರ್ಯ, ಈಗ ಬಡ್ಡಿ ಸಮೇತ ವಸೂಲಿಗೆ ನಿಂತ. ಬಾಡಿಗೆ ಮನೆಯ ಪರದೆಗಳ ನಡುವೆ ಎರಡು ಬೆರಳಿನಷ್ಟು ಸಂದು. ರಾತ್ರಿ ಹನ್ನೊಂದೂವರೆಗೆ ಅಲ್ಲಿಂದ ತೂರಿದ ಬಿಸಿಲು ನೆಟ್ಟಗೆ ನನ್ನ ಎಡಗಣ್ಣಿಗೆ. ಹೊರಗೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದವು.

ಇಷ್ಟನ್ನಾದರೂ ಮುಖಕ್ಕೆ ಟವೆಲ್ ಹಾಕಿಕೊಂಡು ಸಹಿಸಬಹುದಿತ್ತು. ಸಹಿಸಲಾಗದ್ದು ಅಮ್ಮನ ಶಾಸ್ತ್ರ. ನಡುರಾತ್ರಿ ಅಲ್ಲಿ ಸೂರ್ಯ ಕಡಲಿನ ಮೇಲೆ ತಗ್ಗಿನಲ್ಲಿ ನಿಂತು, ಊರೆಲ್ಲ ಥೇಟ್ ಗೋಧೂಳಿಯ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ಕಿಟಕಿಯಾಚೆ ನೋಡಿದಳು, ಹಾಸಿಗೆಯ ಮೇಲಿದ್ದ ನನ್ನನ್ನು ನೋಡಿದಳು.

"ಏಳೋ! ಮುಸ್ಸಂಜೆ ಹೊತ್ತಲ್ಲಿ ಯಾರಾದ್ರೂ ಮಲಗ್ತಾರೇನೋ?"

"ಅಮ್ಮಾ, ಹನ್ನೆರಡು ಗಂಟೆ!"

"ಗಡಿಯಾರ ಏನಾದ್ರೂ ಹೇಳ್ಲಿ. ಲಕ್ಷ್ಮಿ ಬರೋ ಹೊತ್ತು."

ಎದ್ದು ಕೂತೆ. ಲಕ್ಷ್ಮಿ ಬರಲಿಲ್ಲ, ಆಕಳಿಕೆ ಬಂತು. ಎರಡು ಗಂಟೆಗೆ ಸೂರ್ಯ ಒಂಚೂರು ಮೇಲೇರಿದ ಮೇಲೆ "ಇನ್ನು ಮಲಗು" ಅಂತ ಅಪ್ಪಣೆಯಾಯಿತು. ಐದೂವರೆಗೆ "ಇಷ್ಟು ಬಿಸಿಲೇರಿದೆ, ಇನ್ನೂ ಬಿದ್ಕೊಂಡಿದಾನೆ" ಅಂತ ಅದೇ ದನಿ.

ಮಾರನೇ ದಿನ ದೀಪದ ಸಮಸ್ಯೆ. ಕತ್ತಲಾಗದೆ ದೀಪ ಹಚ್ಚುವುದು ಯಾವಾಗ? ಅಮ್ಮ ಸಾಗರದ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. "ಅಲ್ಲಿ ಕತ್ಲಾಯ್ತೇನೇ?" ಆರೂ ಮುಕ್ಕಾಲು, ಈಗಷ್ಟೇ ಹಚ್ಚಿದೆ ಅಂದಳು ಚಿಕ್ಕಮ್ಮ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರೂ ಕಾಲು. ತೀರ್ಪು ಹೊರಬಿತ್ತು. ಇನ್ನು ಪ್ರತಿದಿನ ಮೂರೂ ಕಾಲಿಗೆ ಎಲ್ಲರೂ ಕೈಕಾಲು ತೊಳೆದು ಮನೆಯಲ್ಲಿರಬೇಕು.

ಕೊಲ್ಲಿಯ ಆಚೆ ದಡದಲ್ಲಿ ಒಂದು ಮೆರಿಡಿಯನ್ (ರೇಖಾಂಶ) ಕಂಬವಿದೆ. ಭೂಮಿಯ ಆಕಾರ ಅಳೆಯಲು ಸ್ಟ್ರೂವ್ ಎಂಬ ಖಗೋಳಜ್ಞನ ಮುಂದಾಳತ್ವದಲ್ಲಿ ಇಲ್ಲಿಂದ ಕಪ್ಪು ಸಮುದ್ರದವರೆಗೆ, 2,820 ಕಿಲೋಮೀಟರ್ ಉದ್ದಕ್ಕೂ, ಅಳತೆ ಮಾಡಿದ್ದರ ಗುರುತು. ಅವರಿಗೆ ಹಿಡಿದದ್ದು ಸುಮಾರು 40 ವರ್ಷ. ನನಗೆ ಸಿಕ್ಕಿದ್ದು ನಾಲ್ಕು ನಿಮಿಷ. "ಎರಡೂ ನಲವತ್ತಾಯ್ತು, ನಡಿ ನಡಿ" ಅಂತ ಅಮ್ಮ ಆಗಲೇ ಅರ್ಧ ದಾರಿ ಹೋಗಿದ್ದಳು. ಸಾಲೆನ್ ಗುಡ್ಡ ಬರೀ 86 ಮೀಟರ್. ಅದನ್ನೂ ಅರ್ಧ ಹತ್ತಿ ಇಳಿದೆವು.

ಸಿಟ್ಟಿಗೆ ನಾನು ಚಳಿಗಾಲದ ಕಥೆ ತೆಗೆದೆ. ಎರಡು ತಿಂಗಳು ಇಲ್ಲಿ ಸೂರ್ಯನೇ ಹುಟ್ಟಲ್ಲ, 1891ರಲ್ಲೇ ಬೀದಿಗೆ ಕರೆಂಟ್ ದೀಪ ಹಾಕಿಸಿಕೊಂಡ ಊರು ಇದು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಹಿಂದೆ ಸರಿಯುವಾಗ ಇಡೀ ಊರು ಸುಟ್ಟರು, ಉಳಿದದ್ದು ಸ್ಮಶಾನದ ಪುಟ್ಟ ಚಾಪೆಲ್ ಒಂದೇ ಅಂತೆಲ್ಲ. ಅಮ್ಮ ಬೆಳ್ಳಿ ದೀಪಕ್ಕೆ ತುಪ್ಪದ ಬತ್ತಿ ಇಡುತ್ತಾ ಕೇಳಿದಳು: "ಮತ್ತೆ ಬಂದು ಇಲ್ಲೇ ಕಟ್ಕೊಂಡ್ರಾ?"

"ಹೂಂ."

"ಮತ್ತೆ? ಮನೆ ಅಂದ್ಮೇಲೆ." ಗೋಡೆ ಗಡಿಯಾರ ನೋಡಿದಳು. "ಅಪ್ಪ ಇದ್ದಿದ್ರೆ ಈ ಹೊತ್ತಿಗೆ ಎರಡನೇ ಸಲ ಕಾಫಿ ಕೇಳ್ತಿದ್ರು."

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಆ ದೀಪ ಉರಿಯುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕಿತ್ತು. ಹೊಗೆಗೆ ಅಲಾರಂ ಕಿರುಚುತ್ತದೆ ಅಂತ ತಂಗಿ ಓಸ್ಲೋದಲ್ಲೇ ಊದುಬತ್ತಿ ಕಿತ್ತಿಟ್ಟುಕೊಂಡಿದ್ದಳು. ನಾನು ಎದ್ದು ಮೂರು ಲೋಟ ಕಾಫಿ ಮಾಡಿದೆ.

ನಿನ್ನೆ ಬೆಂಗಳೂರಿನ ಮನೆಯಲ್ಲಿ ತಡೆಯಲಾಗದೆ ಸೋಫಾ ಮೇಲೆ ಒರಗಿದ್ದೆ. ಯಾರೂ ಅಡ್ಡಿ ಮಾಡದ, ಕತ್ತಲಿನ, ನಮ್ಮದೇ ಊರಿನ ನಿದ್ದೆ ಇನ್ನೇನು ಹತ್ತಬೇಕು.

"ಏಳೋ, ಮುಸ್ಸಂಜೆ!"

ಜಗಳಕ್ಕೆಂದು ಬಾಯಿ ತೆರೆದು ಕಿಟಕಿಯತ್ತ ತಿರುಗಿದೆ. ಹಾಳಾದ್ದು, ಈ ಸಲ ನಿಜವಾಗಿಯೂ ಮುಸ್ಸಂಜೆಯೇ ಆಗಿತ್ತು.