ಕ್ಯಾಲೆಂಡರ್‌ನ್ಯಾಗ ಒಂದು ಖಾಲಿ ದಿನ ಇದ್ರ ಹೇಳ್ರಿ

ಲವ್ ಸ್ಟೋರಿ ಬರಿಯಾಕಿ ನಾನು, ಹಂಗಾಗಿ ಫೆಬ್ರುವರಿ 14 ಅಂದ್ರ ನನಗ ಸುಗ್ಗಿ ಅಂತ ನೀವು ತಿಳ್ಕೊಂಡಿರಬಹುದು, ಖರೇ ಹೇಳ್ಬೇಕಂದ್ರ ಅವತ್ತು ಮುಂಜಾನೆ ಮೊಬೈಲ್ ಮುಟ್ಟಲಿಕ್ಕೇ ಬ್ಯಾಸರ. ಫ್ಯಾಮಿಲಿ ಗ್ರೂಪ್‌ನ್ಯಾಗ ನಮ್ಮ ಸೋದರಮಾವ ತಪ್ಪದ ಮೆಸೇಜ್ ಹಾಕ್ತಾರ, ಇವತ್ತು ಭಗತ್ ಸಿಂಗ್‌ನ ಗಲ್ಲಿಗೇರಿಸಿದ ದಿನ, ಪ್ರೇಮ ಗೀಮ ಅನ್ನೋರಿಗೆ ನಾಚಿಕಿ ಬರಬೇಕು ಅಂತ. ಈ ಬಾಣ ಯಾರಿಗಂತ ಎಲ್ಲಾರಿಗೂ ಗೊತ್ತು. "ಮಾಮಾ, ಗಲ್ಲಾದದ್ದು ಲಾಹೋರ್‌ನ್ಯಾಗ, 1931ರ ಮಾರ್ಚ್ 23ಕ್ಕ" ಅಂತ ಬರದ್ರ, "ಕಥಿ ಬರಿಯಾಕಿ ನೀನು, ಇತಿಹಾಸ ನಿನಗೇನ್ ಗೊತ್ತವಾ" ಅಂತಾರ. ಇನ್ನ ಮಾರ್ಚ್ 23 ಬರ್ತದಲ್ಲ, ಅವತ್ತು ಇದೇ ಮಾಮಾ ಗುಡ್ ಮಾರ್ನಿಂಗ್ ಅಂತ ಗುಲಾಬಿ ಹೂವು ಕಳಸಿರ್ತಾರ.

ನನ್ನ ತ್ರಾಸ ಬ್ಯಾರೇನ ಅದ. ನನ್ನ ಹೀರೋ ಹೀರೋಯಿನ್ ಮೊದಲನೇ ಸಲ ಭೆಟ್ಟಿ ಆಗಲಿಕ್ಕೆ ಒಂದು ದಿನ ಬೇಕು, ಯಾವ ದಿನ ಹಿಡದ್ರೂ ಅಲ್ಲಿ ಯಾರೋ ಹುಟ್ಟಿರ್ತಾರ, ಇಲ್ಲಾ ಯಾರೋ ಹುತಾತ್ಮರಾಗಿರ್ತಾರ. ಕಡೀಕೆ ಒಮ್ಮೆ ಜನವರಿ 30ನ್ನ ಹಿಡದೆ, ಧಾರವಾಡದ ಒಂದು ಆಫೀಸು, ಮುಂಜಾನೆ 11 ಗಂಟೆ. ಪಕ್ಕದ ಮನಿಯವ್ರು ಹಿಸ್ಟರಿ ಮಾಸ್ತರು, ರಿಟೈರ್ ಆಗ್ಯಾರ, ನನ್ನ ಕರಡೆಲ್ಲಾ ಪುಕ್ಕಟ ಓದಿ ಕೊಡ್ತಾರ. ಓದಿದವ್ರ ಓಡಿ ಬಂದ್ರು. "ಮೇಡಂ, ಆ ಹೊತ್ತಿಗೆ ಹುತಾತ್ಮರ ನೆನಪಿಗೆ ಎರಡು ನಿಮಿಷ ಮೌನ ಇರ್ತದರೀ." ಅದು ಗೊತ್ತಿದ್ದೇ ಅಲ್ಲೇನ್ರಿ ಇಟ್ಟದ್ದು ಅಂದೆ. ಇಡೀ ಆಫೀಸು ಎದ್ದು ನಿಂತದ, ಮಾತಾಡೋ ಹಂಗಿಲ್ಲ, ಫೋನ್ ಎತ್ತೋ ಹಂಗಿಲ್ಲ, ಸಾಹೇಬ್ರೂ ಬಾಯಿ ಮುಚ್ಚ್ಯಾರ, ಎದುರಿಗೆ ಆಕಿ ನಿಂತಾಳ. ಇದಕ್ಕಿಂತ ಛಲೋ ಸೀನ್ ಯಾವ ಪಾರ್ಕಿನ್ಯಾಗ ಸಿಗ್ತದ ಹೇಳ್ರಿ. ಮಾಸ್ತರು ಚಷ್ಮಾ ತಗದು ಒರಸ್ಕೊಂಡು, "ಗಾಂಧಿ ಸಲುವಾಗಿ ತಲಿ ತಗ್ಗಸೋ ಹೊತ್ತಿನ್ಯಾಗ ನೀವು ತಲಿ ಎತ್ತಸ್ತೀರಲ್ರೀ" ಅಂದು ಚಹಾನೂ ಕುಡೀಲಾರದ ಹೋದ್ರು.

ಅದ ಮಾಸ್ತರು ಸಂಗೊಳ್ಳಿ ರಾಯಣ್ಣ ಅಂದ್ರ ಕರಗಿ ನೀರಾಗ್ತಾರ. ಹುಟ್ಟಿದ್ದು 1798ರ ಆಗಸ್ಟ್ 15, ನಂದಗಡದಾಗ ಗಲ್ಲಾದದ್ದು 1831ರ ಜನವರಿ 26. ನೋಡ್ರಿ ಅನ್ಯಾಯ! ಇದನ್ನ ನಾ ಕಾದಂಬರಿಯೊಳಗ ಬರದಿದ್ರ ಸಂಪಾದಕರು ಕೆಂಪು ಗೆರಿ ಹೊಡದು, ಮೇಡಂ ಇಷ್ಟೊಂದು ಕಾಕತಾಳೀಯ ಬ್ಯಾಡ, ಯಾರೂ ನಂಬಂಗಿಲ್ಲ ಅಂತಿದ್ರು. ನನ್ನ ಹೀರೋ ಹೀರೋಯಿನ್ ಹುಬ್ಬಳ್ಳಿ ಸ್ಟೇಷನ್‌ನ್ಯಾಗ ಬರೇ ಎರಡು ಸಲ ಎದುರುಬದುರು ಆಗಿದ್ದಕ್ಕ ಒಬ್ಬ ಓದುಗರು ಫೋನ್ ಹಚ್ಚಿ, "ಅದು 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ರೀ, ಜಗತ್ತಿನ್ಯಾಗ ಅಷ್ಟು ಉದ್ದ ಎಲ್ಲೂ ಇಲ್ಲ, ನನ್ನ ಬೋಗಿನ ನನಗ ಸಿಗಂಗಿಲ್ಲ, ನಿಮ್ಮ ಹುಡುಗಗ ಹುಡುಗಿ ಹೆಂಗ ಸಿಕ್ಲು" ಅಂತ ಜಗಳಾನ ತಗದ್ರು. ಇತಿಹಾಸಕ್ಕ ಯಾರೂ ಹಿಂಗ ಫೋನ್ ಹಚ್ಚಂಗಿಲ್ಲ.

ಇನ್ನ ಅಡಗಿಮನಿ ಕ್ಯಾಲೆಂಡರಿನ ಸುದ್ದಿ. ಹಾಲಿನ ಲೆಕ್ಕದ ಬಾಜೂಕ ಕಥಿ ನೋಟ್ ಮಾಡೋ ಚಟ ನನಗ. ಅಕ್ಟೋಬರ್ 23ರ ಮನಿಯೊಳಗ, 'ಮನಿ ಬಿಟ್ಟು ಹೋಗೂದು. ಸೂಟ್‌ಕೇಸ್. ಅವಗ ಗೊತ್ತಾಗಬಾರದು' ಅಂತ ಬರದಿದ್ದೆ, ಯಾಕಂದ್ರ ಅವತ್ತು ಕಿತ್ತೂರು ಉತ್ಸವ, ಹೀರೋಯಿನ್ ಮನಿಮಂದಿಯೆಲ್ಲಾ ಅಲ್ಲಿಗೆ ಹೋಗಿರ್ತಾರ. ಗದಗದಿಂದ ಬಂದಿದ್ದ ನಮ್ಮ ಅತ್ತಿಯವ್ರು ಅದನ್ನ ಓದ್ಯಾರ. ನಾ ಕಾಯಿಪಲ್ಯ ತಗೊಂಡು ಬರೋದ್ರಾಗ ಹಾವೇರಿಯ ನಾದಿನಿಗೆ ಫೋನ್ ಹೋಗ್ಯದ, ನನ್ನ ತವರಮನಿಗೂ ಹೋಗ್ಯದ, ನಮ್ಮ ಮನಿಯವ್ರು ಹುಬ್ಬಳ್ಳಿಯಿಂದ ಹಾಫ್ ಡೇ ರಜಾ ಹಾಕಿ ಬಂದು ಮಾಳಿಗಿ ಮ್ಯಾಲಿನ ಸೂಟ್‌ಕೇಸ್ ಮುಂದ ಕಾವಲು ನಿಂತಾರ. ಎಲ್ಲಾ ಬಿಡಿಸಿ ಹೇಳಿದ ಮ್ಯಾಲೂ ಅತ್ತಿಯವ್ರ ಮಾರಿ ಸಡ್ಲಾಗಲಿಲ್ಲ. "ಅಲ್ಲವಾ, 1824ರಾಗ ಚೆನ್ನಮ್ಮ ಥ್ಯಾಕರೆ ಸಾಹೇಬನ್ನ ಸೋಲಿಸಿದ ದಿನಾನ ಬೇಕಾಗಿತ್ತೇನ ನಿನಗ" ಅಂತ ಕೇಳಿದ್ರು. ಅವ್ರ ಸಂಶಯಕ್ಕೂ ಅರ್ಥ ಇತ್ತು ಬಿಡ್ರಿ.

ಇಷ್ಟೆಲ್ಲಾ ಆದ ಮ್ಯಾಲ ಕಾಲನಿಯವ್ರು ರಾಜ್ಯೋತ್ಸವಕ್ಕ ನನ್ನ ಮುಖ್ಯ ಅತಿಥಿ ಅಂತ ಕರದ್ರು. ಪ್ರಕಾಶಕರು ನನ್ನ ಪುಸ್ತಕದ ಮುಖಪುಟದ ಮ್ಯಾಲ ಒಂದು ಕೋಟೆಯ ಚಿತ್ರ ಹಾಕ್ಸಿದ್ರು, ಒಳಗ ಕೋಟೆ ಇಲ್ಲ, ಬರೇ ಪ್ರೇಮ. ಒಳಗ ಯಾರು ನೋಡ್ತಾರ? 'ಇತಿಹಾಸ ಸಂಶೋಧಕಿ' ಅಂತ ಬ್ಯಾನರ್ ಹೊಡಸೇ ಬಿಟ್ಟಿದ್ರು. ನನಗಿಂತ ಮೊದಲ ಮಾತಾಡಿದವ್ರು 1956ರಾಗ ರಾಜ್ಯ ಒಂದಾದದ್ದು, 1973ರಾಗ ಕರ್ನಾಟಕ ಅಂತ ಹೆಸರಿಟ್ಟದ್ದು, ಗದಗಿನ ಹುಯಿಲಗೋಳ ನಾರಾಯಣರಾಯರ ಹಾಡು 1924ರ ಬೆಳಗಾವಿ ಕಾಂಗ್ರೆಸ್‌ನ್ಯಾಗ ಹಾಡಿದ್ದು, ಎಲ್ಲಾ ಹೇಳಿ ಖಾಲಿ ಮಾಡಿದ್ರು. ನಾ ಲಕ್ಕುಂಡಿ ಅತ್ತಿಮಬ್ಬೆನ್ನ ಹಿಡ್ಕೊಂಡೆ.

ಅಕ್ಕ ಅತ್ತಿಮಬ್ಬೆ, ತಂಗಿ ಗುಂಡಮಬ್ಬೆ, ಇಬ್ಬರಿಗೂ ಒಬ್ಬಾವ ಗಂಡ, ನಾಗದೇವ. ಅವ ಯುದ್ಧದಾಗ ಸತ್ತ. ತಂಗಿ ಸಹಗಮನ ಮಾಡಿದ್ಲು, ಅಕ್ಕ ಮಗನ ಸಲುವಾಗಿ ಉಳದ್ಲು. ಆ ರಾತ್ರಿ ಅಕ್ಕತಂಗಿ ಏನ್ ಮಾತಾಡಿರಬಹುದು? ಇಡೀ ಕಾದಂಬರಿ ಅದ ಅದರಾಗ, ನಮ್ಮ ಸಾಲಿ ಪುಸ್ತಕದಾಗ ಬರೇ ದಾನಚಿಂತಾಮಣಿ ಅಂತ ಬಿರುದು ಬರ್ಕೊಂಡು ಮಾರ್ಕ್ಸ್ ತಗೊಂಡ್ವಿ. ಮುಂದ ಆಕಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರಸಿ ದಾನಾ ಮಾಡಿದ್ಲು, ಒಂದೊಂದೂ ಓಲೆಗರಿ ಮ್ಯಾಲ, ಕೈಲೆ! ಇದನ್ನ ಹೇಳೋ ಮುಂದ ನನಗ ಖರೇನ ಹೊಟ್ಟಿಕಿಚ್ಚು ಬಂತು. ನನ್ನ ಪುಸ್ತಕಾನೂ ಸಾವಿರಾನ ಅಚ್ಚಾಗಿದ್ದು, ಮುಕ್ಕಾಲು ಭಾಗ ಮಂಚದ ಕೆಳಗ ಅದಾವ, ಅತ್ತಿಯವ್ರು ಅದರ ಮ್ಯಾಲ ಉಳ್ಳಾಗಡ್ಡಿ ಬುಟ್ಟಿ ಇಟ್ಟಾರ.

ಪ್ರಶ್ನಿ ಇದ್ರ ಕೇಳ್ರಿ ಅಂದ್ರು ಸೆಕ್ರೆಟರಿ. ಕಾಲೇಜು ಹುಡುಗಿ ಒಬ್ಬಾಕಿ ಎದ್ದು, "ಆಂಟಿ, ಅತ್ತಿಮಬ್ಬೆ ಲೈಫ್‌ನ್ಯಾಗ ಆಮ್ಯಾಲೆ ಮತ್ತ್ಯಾರೂ ಬರ್ಲಿಲ್ಲೇನ್ರಿ?" ಅಂದ್ಲು. ನನ್ನ ಕಥಿ ಓದಾಕಿ, ನೋಡಿದ ಕೂಡ್ಲೇ ಗೊತ್ತಾತು. ನಾ ಬಾಯಿ ತೆಗಿಯೋದ್ರಾಗ ಮುಂದಿನ ಸಾಲಿನ ಅಜ್ಜಿ ತಿರುಗಿ ಆಕಿನ್ನ ನೋಡಿ, "ಸಾವಿರ ಪುಸ್ತಕ ಬರಸಾಕಿಗೆ ಅದಕ್ಕೆಲ್ಲಾ ಟೈಮ್ ಎಲ್ಲೈತವಾ, ಕುಂದ್ರು, ಉಪ್ಪಿಟ್ಟು ಆರಾಕತ್ತೈತಿ" ಅಂದ್ರು. ವಂದನಾರ್ಪಣೆ ಮಾಡೋರು ಮೈಕ್ ಹಿಡ್ಕೊಂಡು ನಿಂತಿದ್ರು, ಅಷ್ಟರಾಗ ಅರ್ಧ ಮಂದಿ ಪ್ಲೇಟಿಗೆ ಪಾಳಿ ಹಚ್ಚಿಬಿಟ್ಟಿದ್ರು.