ಅಧ್ಯಕ್ಷರ ಮುಷ್ಟಿಯಲ್ಲಿ ಮೈಕು

ನಿನ್ನೆ ನಮ್ಮ ಬಡಾವಣೆಯ ರಾಜ್ಯೋತ್ಸವ ಮುಗಿಯಿತು. ಎಡಗಿವಿಯಲ್ಲಿ ಇನ್ನೂ ಮುಗಿದಿಲ್ಲ. ಬೆಳಿಗ್ಗೆ ಕುಕ್ಕರ್ ಕೂಗಿದಾಗ ನನ್ನ ಕೈ ತಾನಾಗಿ ಸೌಂಡ್ ಮಿಕ್ಸರಿನಲ್ಲಿ ಸದ್ದು ಇಳಿಸುವ ಫೇಡರ್ ಹುಡುಕಿತು.

ನಾನೇನು ಸೌಂಡಿನವನಲ್ಲ. ಎಲೆಕ್ಟ್ರಾನಿಕ್ಸ್ ಓದಿದ ತಪ್ಪಿಗೆ, ಮೈಕ್ ಸೆಟ್ಟಿನ ಹುಡುಗ ಕೈಕೊಟ್ಟಾಗಲೆಲ್ಲ ನನ್ನನ್ನು ತಂದು ಕೂರಿಸುತ್ತಾರೆ. ಮೈಕ್ ಸೆಟ್ಟು ಕುಂಯ್ ಅನ್ನುವುದು ಯಾಕೆಂದರೆ, ಬಾಕ್ಸಿನಿಂದ ಬಂದ ಸದ್ದನ್ನೇ ಮೈಕು ಮತ್ತೆ ಕೇಳಿಸಿಕೊಳ್ಳುತ್ತದೆ, ಆಂಪ್ಲಿಫೈಯರ್ ಅದನ್ನು ಇನ್ನಷ್ಟು ದೊಡ್ಡದು ಮಾಡಿ ಬಾಕ್ಸಿಗೇ ಕಳಿಸುತ್ತದೆ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು ನಡೆಯುವುದೂ ಹೀಗೇ. ಅದಕ್ಕೇ ಬಾಕ್ಸುಗಳನ್ನು ವೇದಿಕೆಗಿಂತ ಮುಂದಿಟ್ಟು, ಮೈಕನ್ನು ಹಿಂದಿಟ್ಟು, ಕುಂಯ್ಗುಡುತ್ತಿದ್ದ ಎರಡೂವರೆ ಕಿಲೋಹರ್ಟ್ಸ್ ಆಸುಪಾಸಿನ ಸ್ವರವನ್ನಷ್ಟೇ ಈಕ್ವಲೈಸರಿನಲ್ಲಿ ಇಳಿಸಿ, ನೆಮ್ಮದಿಯಾಗಿ ಕೂತಿದ್ದೆ.

ಅಧ್ಯಕ್ಷರು ಬಂದರು. ಮೊದಲು ಬೆರಳಲ್ಲಿ ಟಕ್ ಟಕ್. ಆಮೇಲೆ ಒಲೆ ಊದಿದ ಹಾಗೆ ಫೂ. ‘ಹಲೋ... ಹಲೋ...’ ಆಮೇಲೆ ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ಜಾಲರಿಯ ತಲೆಯನ್ನೇ ಮುಷ್ಟಿಯಲ್ಲಿ ಅದುಮಿ ಹಿಡಿದರು, ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಸಿಕ್ಕ ಮಗುವಿನ ಹಾಗೆ. ಆ ಮೈಕು ಹಿಂದಿನ ಸದ್ದನ್ನು ದೂರವಿಡುವುದೇ ಅಲ್ಲಿರುವ ಕಿಂಡಿಗಳಿಂದ. ಮುಚ್ಚಿದರೆ ಅದಕ್ಕೆ ಮುಂದೂ ಒಂದೇ, ಹಿಂದೂ ಒಂದೇ.

ಕುಂಯ್ಯ್!

ಇಳಿಸಿದೆ. ‘ಸೌಂಡ್ ಕೊಡ್ರೀ!’ ಏರಿಸಿದೆ. ಕುಂಯ್ಯ್! ಬೆಚ್ಚಿ ಮೈಕನ್ನು ದೂರ ಹಿಡಿದರು. ಬಾಯಿಗೂ ಮೈಕಿಗೂ ಅಂತರ ಎರಡರಷ್ಟಾದರೆ 6 ಡೆಸಿಬೆಲ್ ಹೋಯಿತು, ಅಷ್ಟನ್ನೂ ನಾನೇ ತುಂಬಿಕೊಡಬೇಕು. ಮತ್ತೆ ಕುಂಯ್ಯ್! ಕೊನೆಗೆ ‘ನಾನು ಜನರ ಮಧ್ಯೆ ಇರೋನು’ ಅನ್ನುತ್ತಾ ಮೆಟ್ಟಿಲಿಳಿದು, ಸೀದಾ ಬಾಕ್ಸಿನ ಬಾಯಿಗೇ ಹೋಗಿ ನಿಂತರು. ಶಾಮಿಯಾನದ ಕೆಳಗೆ ಮಲಗಿದ್ದ ನಾಯಿ ಎದ್ದು, ಮುಖ ಮೇಲೆತ್ತಿ, ಅದೇ ಶ್ರುತಿಗೆ ಸೇರಿಸಿತು. ‘ಯಾರ್ರೀ ಇವ್ನನ್ನ ಕೂರ್ಸಿದ್ದು?’ ಅಂದರು ಅಧ್ಯಕ್ಷರು. ಆ ಸಂಜೆ ಮೂರನೇ ಕ್ರಾಸಿನವರೆಗೂ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ ಮಾತು.

ನಮ್ಮೂರ ಹರಿಕಥೆ ನೆನಪಾಯಿತು. ಹಾರ್ನು ದೂರದ ತೆಂಗಿನ ಮರದಲ್ಲಿ, ಮೈಕು ಒಂದೇ ಒಂದು. ಮೈಕ್ ಸೆಟ್ಟಿನ ಅಜ್ಜ ಮೂಲೆಯಿಂದ ಕೈ ಚಾಚಿ ‘ಒಂದು ಗೇಣು’ ಎಂದು ಸನ್ನೆ ಮಾಡುತ್ತಿದ್ದ. ದಾಸರು ಗೆಜ್ಜೆ ಕಟ್ಟಿ ಕುಣಿದರೂ ಪದ ಹೇಳುವ ಹೊತ್ತಿಗೆ ಸರಿಯಾಗಿ ಆ ಗೇಣಿಗೇ ಬಂದು ನಿಲ್ಲುತ್ತಿದ್ದರು. ಆ ಹಾರ್ನಿನ ಮೂಗುದನಿ ಕೇಳಿ ಎಷ್ಟು ವರ್ಷವಾಯಿತೋ.

ಈಗಷ್ಟೇ ಅಧ್ಯಕ್ಷರ ಫೋನು. ‘ಮುಂದಿನ ವರ್ಷ ಕಾಲರ್ ಮೈಕ್ ತರ್ಸೋಣ ಸಾರ್, ಓಡಾಡ್ಕೊಂಡು ಮಾತಾಡ್ಬೋದು.’

ಮುಂದಿನ ನವೆಂಬರ್ 1ಕ್ಕೆ ಊರಿನ ಬಸ್ಸಿಗೆ ಈಗಲೇ ಸೀಟು ಕೊಡುತ್ತಾರಾ, ವಿಚಾರಿಸಬೇಕು.